ಒಂದೇ ದೂರು, ಎರಡು ರೋಗ

ಎಮ್ಮಿಗನೂರಿನ ಗದ್ದೆ ದಾರಿ. ಹೊತ್ತು ಮುಳುಗಲು ಇನ್ನೂ ತಾಸು ಇದೆ. ಆಚೆ ಮಡಿಯಲ್ಲಿ ಕೊಯ್ಲಿನ ಮಷಿನ್ ಗರಗುಟ್ಟುತ್ತಿದೆ, ಹೊಟ್ಟಿನ ಧೂಳು ನಿಮ್ಮ ಕತ್ತಿನ ಬೆವರಿಗೆ ಅಂಟಿ ತುರಿಸುತ್ತಿದೆ. ಎದುರಿಗೆ ಹತ್ತು ಗಾಲಿಯ ಲಾರಿ. ಚೀಲಕ್ಕೆ 75 ಕೆ.ಜಿ. ಭತ್ತ, ಮೇಲೆ ತಾಡಪತ್ರಿ, ಸುತ್ತ ಬಿಗಿದ ಹಗ್ಗ. ಡ್ರೈವರ್ ಕೀ ತಿರುಗಿಸುತ್ತಾನೆ. ಕ್ಯಾಬಿನ್ನಿನ ಕೆಳಗೆಲ್ಲೋ ‘ಟಕ್’. ಮತ್ತೆ ತಿರುಗಿಸುತ್ತಾನೆ. ಟಕ್.

“ಮಧ್ಯಾಹ್ನ ಆಗಿತ್ತಲ್ಲೋ?” ಮಾಲೀಕರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಆಗಿತ್ತ್ರೀ ಗೌಡ್ರೆ. ಈಗ ಒಲ್ಲೆ ಅಂತೈತಿ.”

ಖಾಲಿ ಗಾಡಿಯಾದರೆ ನಾಲ್ಕು ಜನ ಸೇರಿ ತಳ್ಳಬಹುದಿತ್ತು, ಇಳಿಜಾರಿದ್ದರೆ ಗೇರಿಗೆ ಹಾಕಿ ಬಿಡಬಹುದಿತ್ತು. ಗದ್ದೆ ಸೀಮೆಯಲ್ಲಿ ಇಳಿಜಾರು ಎಲ್ಲಿಂದ ತರುವುದು? ಗಂಗಾವತಿಯ ಮಿಲ್ಲಿಗೆ ಹೋಗಬೇಕು, ಕಂಪ್ಲಿ ದಾಟಿ ತುಂಗಭದ್ರೆಯ ಸೇತುವೆ ಹತ್ತಬೇಕು. ಸೇತುವೆ ಮೇಲೆ ಇದೇ ಆಟ ಆಡಿದರೆ ಹಿಂದಿನ ಸಾಲು ಊರು ಮುಟ್ಟುತ್ತದೆ.

ಕಂಪ್ಲಿಯಿಂದ ಮೇಸ್ತ್ರಿ ಬೈಕಿನಲ್ಲಿ ಬರುತ್ತಾನೆ. ಬಂದವನು ಪಾನಾ ತೆಗೆಯುವುದಿಲ್ಲ, ಬಂಪರಿಗೆ ಒರಗಿ ಕೇಳುತ್ತಾನೆ: “ಸೆಲ್ಫೇ ತಿರುಗಲ್ಲೋ, ಸೆಲ್ಫ್ ತಿರುಗಿ ಎಂಜಿನ್ ಹಿಡಿಯಲ್ಲೋ?”

“ಎರಡೂ ಆಗ್ತೈತಿ.”

“ಮುಂಜಾನೆ ಯಾವುದು, ಸಂಜಿ ಯಾವುದು?”

ಡ್ರೈವರ್ ಯೋಚಿಸುತ್ತಾನೆ. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತದೆ. ಮುಂಜಾನೆ ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟಾರು, ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯಲು ಹೊತ್ತು ಹಿಡಿಯುತ್ತದೆ. ಓಡಿ ಬಿಸಿಯಾಗಿ ನಿಂತ ಮೇಲೆ ಬರೀ ಟಕ್ ಅನ್ನುತ್ತದೆ. ಮೇಸ್ತ್ರಿ ತಲೆಯಾಡಿಸುತ್ತಾನೆ. ಮೊದಲನೆಯದು ಡೀಸೆಲ್ ಕಡೆಯದು, ಎರಡನೆಯದು ಕರೆಂಟಿನದು. “ಸ್ಟಾರ್ಟ್ ಆಗಲ್ಲ” ಅನ್ನುವ ಒಂದೇ ದೂರಿನೊಳಗೆ ಎರಡು ರೋಗ ಕೂತಿದ್ದವು. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದು ಹೆಡೆ ಎತ್ತುತ್ತಿತ್ತು. ಗೌಡರು ಎರಡು ಹೊಸ ಬ್ಯಾಟರಿ ತಂದದ್ದೂ ಸೆಲ್ಫ್ ಬಿಚ್ಚಿಸಿ ಕಾರ್ಬನ್ ಹಾಕಿಸಿದ್ದೂ ಹೀಗೆಯೇ. ಹಾಕಿಸಿದ ಮೇಲೆ ವಾರ ಸರಿಯಿತ್ತಂತೆ. ಬಂದು ಹೋಗುವ ರೋಗದ ಕುತಂತ್ರವೇ ಅದು, ಯಾವ ಸಾಮಾನು ಬದಲಿಸಿದರೂ ನಾಲ್ಕು ದಿನ ಅದಕ್ಕೇ ಹೆಸರು ಬರುತ್ತದೆ.

ನೀವು ಚಾಸಿಗೆ ಕೈ ಹಚ್ಚಿ ಬಗ್ಗುತ್ತೀರಿ. ಹೊರಗೆಲ್ಲ ಹೊಳೆಯುವ ಹೊಸ ಬಣ್ಣ. ಒಳಗಿನ ಮೂಲೆಗಳಲ್ಲಿ ಬೆರಳಾಡಿಸಿದರೆ ಕೆಂಪು ಪುಡಿ, ಸಂಡೂರಿನದು. ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಮುಗಿಯದ ಸಾಲಾಗಿ ಬಂದರುಗಳತ್ತ ಹರಿಯುತ್ತಿದ್ದ ಕಾಲದ ಗಾಡಿ ಇದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಮನೆ ಮುಂದೆ ನಿಂತವು, ಕಂತು ನಿಲ್ಲಲಿಲ್ಲ. 2012–13ರಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಗುವ ಹೊತ್ತಿಗೆ ಎಷ್ಟೋ ಗಾಡಿಗಳು ಕೈ ಬದಲಾಗಿದ್ದವು. ಇದು ಮೂರನೇ ಕೈಯಲ್ಲಿ ಭತ್ತಕ್ಕೆ ಬಂದಿದೆ.

ಮೇಸ್ತ್ರಿ ಮೀಟರ್ ತೆಗೆಯುತ್ತಾನೆ. ಎರಡು ಬ್ಯಾಟರಿ ಸೇರಿ 25 ವೋಲ್ಟ್, ಚೆನ್ನಾಗಿದೆ. “ಹೊಡಿ” ಅನ್ನುತ್ತಾನೆ. ಟಕ್. ಮೀಟರ್ ಅಲ್ಲಾಡುವುದೇ ಇಲ್ಲ, ಹೆಡ್‌ಲೈಟೂ ಮಂಕಾಗುವುದಿಲ್ಲ. ಸೆಲ್ಫ್ ನೂರಾರು ಆಂಪಿಯರ್ ಎಳೆಯಬೇಕಾದ ಜಾಗದಲ್ಲಿ ಹೆಚ್ಚೇನೂ ಎಳೆಯುತ್ತಿಲ್ಲವೆಂದರೆ ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ. ಕರೆಂಟು ಹೋಗುವ ದಾರಿಯೋ, ಮರಳುವ ದಾರಿಯೋ?

ಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತಂತಿ ಎಂಜಿನ್ನಿನ ಮೈಗೆ. “ಹೊಡಿ.” ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 13 ತೋರಿಸುತ್ತದೆ. ಮೈನಸ್ಸಿನಿಂದ ಚಾಸಿಗೆ ನೋಡಿದರೆ ಹೆಚ್ಚೇನೂ ಇಲ್ಲ. ಚಾಸಿಯಿಂದ ಎಂಜಿನ್ನಿಗೆ ಮತ್ತೆ 13. ನಡುವೆ ಇರುವುದು ಹೆಣೆದ ತಾಮ್ರದ ಒಂದು ಪಟ್ಟಿ, ಅರ್ತ್ ಪಟ್ಟಿ. “ಆ್ಯಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡ್ರಿ,” ಅನ್ನುತ್ತಾನೆ. ಮುಟ್ಟುತ್ತೀರಿ, ಬೆಚ್ಚಗಿದೆ. ರಾಜಬೀದಿ ಮುಚ್ಚಿದ್ದಕ್ಕೆ ಕರೆಂಟು ಸಂದಿಯಲ್ಲಿ ನುಗ್ಗಿ ಹೋಗುತ್ತಿದೆ.

ದಪ್ಪ ವೈರೊಂದರ ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಮೈನಸ್ಸಿಗೂ ಕಚ್ಚಿಸಿ ಕಣ್ಸನ್ನೆ ಮಾಡುತ್ತಾನೆ. ಒಂದೇ ಏಟಿಗೆ ಎಂಜಿನ್ ಗುಡುಗುತ್ತದೆ. ಚೀಲ ಹೇರಿದ್ದ ಹಮಾಲರು ಹೋ ಅನ್ನುತ್ತಾರೆ.

ಮೇಸ್ತ್ರಿ ಮಾತ್ರ ಎಂಜಿನ್ ನಿಲ್ಲಿಸಿ ಪಟ್ಟಿಯ ಬೋಲ್ಟ್ ಬಿಚ್ಚುತ್ತಾನೆ. ಪಟ್ಟಿಗೂ ಚಾಸಿಗೂ ನಡುವೆ ಹೊಳೆಯುವ ಬಣ್ಣ. ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಹೋಗುವ ಮೊದಲು ಗಾಡಿಗೆ ಬಣ್ಣ ಹೊಡೆದವರು ಪಟ್ಟಿ ಬಿಚ್ಚಿ, ಆ ಜಾಗಕ್ಕೂ ಹೊಡೆದು, ಅದರ ಮೇಲೆಯೇ ಬಿಗಿದಿದ್ದಾರೆ. ಬೋಲ್ಟಿನ ಮರೆಯಲ್ಲಿ ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿಕೊಂಡಿತ್ತು. ಎಂಜಿನ್ ನಡುಗಿದಂತೆ ಆ ತಾಗುವಿಕೆ ಒಮ್ಮೆ ಗಟ್ಟಿ, ಒಮ್ಮೆ ಸಡಿಲ. ಲೈಟಿಗೆ, ಹಾರ್ನಿಗೆ ಅರ್ತ್ ಚಾಸಿಯಿಂದಲೇ ಸಿಗುವುದರಿಂದ ಅವು ಎಂದೂ ತಕರಾರು ಮಾಡಿರಲಿಲ್ಲ. ಹಳೆ ಗಾಡಿ ಕೊಳ್ಳುವವರು ಬಣ್ಣ ನೋಡಿ ಮರುಳಾಗುತ್ತಾರೆ ಅನ್ನುತ್ತಾರಲ್ಲ, ಇಲ್ಲಿ ಬಣ್ಣವೇ ಗಾಡಿಯನ್ನು ಕೆಡಿಸಿತ್ತು.

ಉಜ್ಜುಕಾಗದದಿಂದ ತಿಕ್ಕಿ, ಕಬ್ಬಿಣ ಬೆಳ್ಳಗಾದ ಮೇಲೆ ಪಟ್ಟಿ ಬಿಗಿಯುತ್ತಾನೆ, ಮೇಲೊಂದಿಷ್ಟು ಗ್ರೀಸು. ಮತ್ತೆ ಮೀಟರ್ ಹಚ್ಚುತ್ತಾನೆ. ಸ್ಟಾರ್ಟ್ ಮಾಡಿಸುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಮಾಡಿಸುತ್ತಾನೆ. ಪ್ರತಿ ಸಲವೂ ಅರ್ಧ ವೋಲ್ಟಿಗಿಂತ ಕೆಳಗೆ.

“ಮುಂಜಾನೆದು?” ಗೌಡರು ಕೇಳುತ್ತಾರೆ.

“ಅದು ಏರ್ ಎಳಿತೈತಿ ಅನ್ನಿಸ್ತದ್ರೀ. ರಾತ್ರಿ ನಿಂತಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದಿರ್ತೈತಿ. ಪೈಪ್ ಬಿರುಕು ಬಿಟ್ಟಿರಬೇಕು, ಇಲ್ಲಾ ತಾಮ್ರದ ವಾಷರ್ ಹಳೇದೇ ಹಾಕಿರಬೇಕು. ಈಗ ಬಿಸಿ ಐತಿ, ಈಗ ನೋಡಿದ್ರ ಏನೂ ಸಿಗಂಗಿಲ್ಲ.” ಡ್ರೈವರ್ ಕಡೆ ತಿರುಗುತ್ತಾನೆ. “ಗಂಗಾವತಿಯಿಂದ ಬಂದು ನನ್ನ ಶೆಡ್ಡಿನ ಮುಂದ ನಿಲ್ಲಿಸು. ನಾನು ಬರೋತನ ಕೀ ಮುಟ್ಟಬ್ಯಾಡ. ಕೈಪಂಪು ಒತ್ತಿ, ಗುಳ್ಳೆ ಎಲ್ಲಿ ಬರ್ತಾವ ನೋಡೋಣು.”