ಕಾಲೇಜು ನೋಡಲು ಮೈಸೂರು ಸುತ್ತಿದೆವು

ಮೈಸೂರಿಗೆ ವರ್ಷವಿಡೀ ಪ್ರವಾಸಿಗರು ಬರುತ್ತಾರೆ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ. ಸಿಇಟಿ ಫಲಿತಾಂಶ ಬಂದ ಮೇಲೆ ಇನ್ನೊಂದು ಬಗೆಯ ಪ್ರವಾಸಿಗರು ಕಾಣಿಸಿಕೊಳ್ಳುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಅಪ್ಪ ಅಮ್ಮ, ಹಿಂದೆ ಮುಖ ಸಣ್ಣದು ಮಾಡಿಕೊಂಡ ಹುಡುಗನೋ ಹುಡುಗಿಯೋ. ಕಾಲೇಜಿನ ಗೇಟಿನಲ್ಲಿ ಅವರು ಕೇಳುವುದು ಒಂದೇ ಮಾತು: “ಒಳಗೆ ಹೋಗಿ ನೋಡಬಹುದಾ?” ಈ ಸಲ ಆ ಗುಂಪಿನಲ್ಲಿ ಮೊಮ್ಮಗಳ ಜೊತೆ ನಾನೂ ಇದ್ದೆ.

ಅವಳಿಗೆ ಸಿವಿಲ್ ಇಂಜಿನಿಯರಿಂಗ್ ಓದುವ ಆಸೆ. ಅವಳಪ್ಪನಿಗೆ ಕಂಪ್ಯೂಟರ್ ಆಗಬೇಕು. ಮನೆಯಲ್ಲಿ ಎರಡು ವಾರ ಊಟದ ಹೊತ್ತಿಗೆಲ್ಲ ಇದೇ ಮಾತು. ಮೊಬೈಲಿನಲ್ಲಿ ನೋಡಿದರೆ ಎಲ್ಲ ಕಾಲೇಜೂ ಒಂದೇ ಥರ ಹೊಳೆಯುತ್ತದೆ. ಕೊನೆಗೆ, ಹೋಗಿ ಕಣ್ಣಾರೆ ನೋಡೋಣ ಎಂದು ನಗರ ಬಸ್ ನಿಲ್ದಾಣಕ್ಕೆ ಬಂದೆವು. ಶಕ್ತಿ ಯೋಜನೆಯ ಕೃಪೆಯಿಂದ ಅವಳಿಗೆ ಟಿಕೆಟ್ ಪುಕ್ಕಟೆ, ದುಡ್ಡು ತೆರಬೇಕಾದವನು ಅಜ್ಜ ಮಾತ್ರ.

ಮೊದಲು ಹೋದದ್ದು ಮಾನಂದವಾಡಿ ರಸ್ತೆಯ ಎನ್‌ಐಇಗೆ. ಮಕ್ಕಳೇ, ಒಂದು ಸೋಜಿಗ ಕೇಳಿ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮೈಸೂರಿನ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಎದ್ದಿತು. ಆದರೆ ಇಷ್ಟೆಲ್ಲ ನಡೆದಾಗ ಮೈಸೂರು ನಗರದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ! ವಿಶ್ವೇಶ್ವರಯ್ಯನವರೇ ಇಂಜಿನಿಯರಿಂಗ್ ಓದಲು ಪುಣೆಗೆ ಹೋಗಿದ್ದರು. 1916ರಲ್ಲಿ ಮೈಸೂರಿಗೆ ವಿಶ್ವವಿದ್ಯಾನಿಲಯ ಬಂತು, ಮರುವರ್ಷ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು ಮಾತ್ರ ಬೆಂಗಳೂರಿನಲ್ಲಿ. ಮೈಸೂರಿನ ಹುಡುಗರು 1946ರವರೆಗೆ ಕಾಯಬೇಕಾಯಿತು. ಆ ವರ್ಷ ಎನ್‌ಐಇ ಆರಂಭವಾಯಿತು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವರ್ಷವಿದ್ದಾಗಲೇ ಹೆಸರಿನಲ್ಲಿ ‘ನ್ಯಾಷನಲ್’ ಎಂದು ಇಟ್ಟುಕೊಂಡರಲ್ಲ, ಅದು ನನಗೆ ಬಹಳ ಇಷ್ಟ.

ಅದೇ 1946ರಲ್ಲಿ ಹುಟ್ಟಿದ ಒಬ್ಬ ಹುಡುಗ ಮುಂದೆ ಇದೇ ಕಾಲೇಜಿಗೆ ಬಂದ. ಅವನಿಗೆ ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿತ್ತು. ಆದರೆ ಮೇಷ್ಟರಾಗಿದ್ದ ತಂದೆಗೆ ಅಷ್ಟು ಖರ್ಚು ಮಾಡಿ ದೂರದೂರಿಗೆ ಕಳಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಮೈಸೂರಿನಲ್ಲೇ ಎಲೆಕ್ಟ್ರಿಕಲ್ ಓದಿ 1967ರಲ್ಲಿ ಪದವಿ ಪಡೆದ. ಎಂ.ಟೆಕ್‌ಗೆ ಕಾನ್ಪುರದ ಐಐಟಿ ಸೇರಿದ. ಅವರೇ ಇನ್ಫೋಸಿಸ್ ನಾರಾಯಣಮೂರ್ತಿ. ಇವತ್ತು ಮೈಸೂರಿನ ಹೆಬ್ಬಾಳದಲ್ಲಿ 300 ಎಕರೆಗೂ ದೊಡ್ಡದಾದ ಇನ್ಫೋಸಿಸ್ ಆವರಣವಿದೆ. ದೇಶದ ಮೂಲೆಮೂಲೆಯ ಹೊಸ ಇಂಜಿನಿಯರುಗಳು ತರಬೇತಿಗೆ ಅಲ್ಲಿಗೆ ಬರುತ್ತಾರೆ. ಮೊಮ್ಮಗಳು ಇದನ್ನು ಕೇಳಿ, “ಅವರು ಓದಿದ್ದು ಕಂಪ್ಯೂಟರ್ ಅಲ್ವಲ್ಲ ತಾತ!” ಎಂದಳು. ಅಪ್ಪನ ಮುಂದೆ ಹೇಳಲು ಒಂದು ಅಸ್ತ್ರ ಸಿಕ್ಕಿತು ಅಂತ ಕಾಣುತ್ತದೆ.

ಮಧ್ಯಾಹ್ನ ಮಾನಸಗಂಗೋತ್ರಿಯ ಬಳಿಯ ಎಸ್‌ಜೆಸಿಇಗೆ ಹೋದೆವು. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1963ರಲ್ಲಿ ಕಟ್ಟಿದ ಕಾಲೇಜು ಇದು. ಹೆಸರು ಜಯಚಾಮರಾಜೇಂದ್ರ ಒಡೆಯರದು. 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ. ಒಳಗೆ ಮರಗಳ ನೆರಳಿನಲ್ಲಿ ನಡೆದು ನಡೆದು ನನ್ನ ಮಂಡಿ ತಕರಾರು ತೆಗೆಯಿತು. ನಾನು ಕಟ್ಟೆಯ ಮೇಲೆ ಕೂತೆ, ಅವಳು ಓದುವ ಹುಡುಗಿಯರನ್ನು ಹಿಡಿದು ಮಾತಾಡಿಸಿದಳು. ಕಚೇರಿಯಲ್ಲಿ ಕೊಡುವ ಬಣ್ಣದ ಪುಸ್ತಿಕೆಗಿಂತ ಈ ಹತ್ತು ನಿಮಿಷದ ಮಾತು ಮೇಲು. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಾಸ್ಟೆಲಿನ ಊಟ ಹೇಗೆ, ಸಂಜೆ ಬಸ್ಸು ಸಿಗುತ್ತದೆಯೇ, ಪ್ರಯೋಗಾಲಯದಲ್ಲಿ ಯಂತ್ರವನ್ನು ಮುಟ್ಟಲು ಬಿಡುತ್ತಾರೋ ಬರೀ ತೋರಿಸುತ್ತಾರೋ ಎಂದೆಲ್ಲ ಕೇಳಿ ಬಂದಳು.

ಅವತ್ತು ನೋಡಿದ ಕಾಲೇಜುಗಳ ಪೈಕಿ ಒಂದರಲ್ಲಿ ಕಾಂಕ್ರೀಟು ಪರೀಕ್ಷಿಸುವ ಯಂತ್ರ ಕಂಡಿತು. 15 ಸೆಂಟಿಮೀಟರ್ ಅಳತೆಯ ಕಾಂಕ್ರೀಟು ದಿಮ್ಮಿಯನ್ನು 28 ದಿನ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎನ್ನುವುದರ ಮೇಲೆ ಅದರ ಗಟ್ಟಿತನದ ಲೆಕ್ಕ. ಸೇತುವೆ, ಮನೆ, ಅಣೆಕಟ್ಟು ನಿಲ್ಲುವುದು ಇಂಥ ಪರೀಕ್ಷೆಗಳನ್ನು ನಂಬಿ. ಮೊಮ್ಮಗಳು ಅಲ್ಲಿಂದ ಕದಲಲೇ ಇಲ್ಲ.

ಉಳಿದವನ್ನು ಮರುದಿನ ಅವಸರದಲ್ಲಿ ನೋಡಿದೆವು. ಯೋಗ ಕಲಿಯಲು ವಿದೇಶಿಯರು ಬರುವ ಗೋಕುಲಂನಲ್ಲಿ 1997ರ ವಿದ್ಯಾವರ್ಧಕ ಕಾಲೇಜು. ನೋಟು ಮುದ್ರಣಾಲಯವಿರುವ ಮೇಟಗಳ್ಳಿಯಲ್ಲಿ ಹೆಣ್ಣುಮಕ್ಕಳಿಗೇ ಮೀಸಲಾದ ಜಿಎಸ್‌ಎಸ್‌ಎಸ್. ಊರ ಹೊರಗೆ ಇನ್ನೂ ಇವೆ, ಕಾಲು ಸಾಲಲಿಲ್ಲ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ಒಂದೇ ಕಾಲೇಜು, ಒಂದೇ ಬೆಂಚು, ಆದರೂ ಅಕ್ಕಪಕ್ಕ ಕೂತವರ ಶುಲ್ಕ ಬೇರೆ ಬೇರೆ ಇರಬಹುದು. ಎನ್‌ಐಇ, ಎಸ್‌ಜೆಸಿಇಯಂಥ ಹಳೆಯ ಕಾಲೇಜುಗಳ ಕೆಲವು ವಿಭಾಗಗಳಲ್ಲಿ ಸರ್ಕಾರಿ ಅನುದಾನಿತ ಸೀಟುಗಳಿವೆ, ಅವುಗಳ ಶುಲ್ಕ ಕಡಿಮೆ. ಪಿಂಚಣಿಯವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನೊಂದು, ಆಯ್ಕೆ ತುಂಬುವ ಕ್ರಮ. ‘ಸಿಗದ ಸೀಟನ್ನು ಮೇಲೆ ಬರೆದರೆ ಸಿಗುವುದೂ ತಪ್ಪಿಹೋಗುತ್ತದೆ’ ಎಂದು ನೆರೆಮನೆಯವರು ಹೆದರಿಸಿದ್ದರು. ಹಾಗೇನಿಲ್ಲ. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಮನಸ್ಸಿನಲ್ಲಿ ಮೊದಲಿರುವುದನ್ನೇ ಪಟ್ಟಿಯಲ್ಲೂ ಮೊದಲು ಬರೆಯಬೇಕು. ಮೊದಲು ಒಂದು ಅಣಕು ಹಂಚಿಕೆ ನಡೆಯುತ್ತದೆ, ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶವಿದೆ.

ರಾತ್ರಿ ಅವಳು ಪಟ್ಟಿ ತುಂಬಿದಳು. ಮೊದಲ ಮೂರು ಸಾಲು ಸಿವಿಲ್, ನಾಲ್ಕನೆಯದು ಕಂಪ್ಯೂಟರ್. ಅವಳಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಆಮೇಲೆ, “ಆ ದಿಮ್ಮಿನ 28 ದಿನ ಯಾಕೆ ನೆನೆಸ್ತಾರೆ?” ಎಂದು ಅವಳನ್ನೇ ಕೇಳಿದ.