ಒತ್ತಡದ ಜಮಾ ಖರ್ಚು

ನಮ್ಮ ತಂದೆಯವರ ಕಾಲದಲ್ಲಿ ಮನುಷ್ಯನ ಯೋಗ್ಯತೆಯನ್ನು ಅವನ ಪೇಟ, ಕೋಟು, ಕೈಗೋಲುಗಳಿಂದ ಅಳೆಯುತ್ತಿದ್ದರಂತೆ. ಈಗ ಆ ಮೂರೂ ಹೋಗಿವೆ. ಅವುಗಳ ಜಾಗಕ್ಕೆ ಬಂದಿರುವುದು ‘ಟೆನ್ಷನ್’. ಯಾರನ್ನಾದರೂ “ಹೇಗಿದ್ದೀರಿ?” ಎಂದು ಕೇಳಿ ನೋಡಿ, “ಅಯ್ಯೋ, ಏನು ಹೇಳಲಿ, ಬರೀ ಟೆನ್ಷನ್ನು” ಎನ್ನದವರು ಅಪರೂಪ. “ನೆಮ್ಮದಿಯಾಗಿದ್ದೇನೆ” ಎಂದವನನ್ನು ಅನುಮಾನದಿಂದ ನೋಡುತ್ತೇವೆ. ಪಾಪ, ಇವನಿಗೆ ಕೆಲಸವಿಲ್ಲವೆಂದು ತೋರುತ್ತದೆ ಎಂದುಕೊಳ್ಳುತ್ತೇವೆ.

ಈ ಲೆಕ್ಕದಲ್ಲಿ ನಾನು ಬಹಳ ದೊಡ್ಡ ಮನುಷ್ಯನಾಗಿದ್ದೆ. ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ, 34 ವರ್ಷ ದುಡಿದು, ಅಧಿಕಾರಿಯಾಗಿ ನಿವೃತ್ತನಾದವನು ನಾನು. ಸಂಜೆ ನಗದಿನ ಲೆಕ್ಕ ತಾಳೆಯಾಗದೆ ಹತ್ತು ರೂಪಾಯಿ ಕಡಮೆ ಬಿದ್ದರೆ ಕಷ್ಟ. ಹತ್ತು ರೂಪಾಯಿ ಹೆಚ್ಚಿದ್ದರೆ ಇನ್ನೂ ಕಷ್ಟ. ಅಂಥ ದಿನಗಳಲ್ಲಿ ನಾನು ಬಸವನಗುಡಿಯ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಮಕ್ಕಳ ಗಲಾಟೆ ನಿಲ್ಲುತ್ತಿತ್ತು, ರೇಡಿಯೋದ ಸದ್ದು ತಗ್ಗುತ್ತಿತ್ತು. “ಅಪ್ಪನಿಗೆ ಟೆನ್ಷನ್ ಇದೆ, ಸುಮ್ಮನಿರಿ” ಎಂಬ ಪಿಸುಮಾತು ಅಡಿಗೆಯ ಮನೆಯಿಂದ ಕೇಳಿಬರುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಪಿಸುಮಾತು ನನ್ನ ಕಿವಿಗೆ ಹಿತವಾಗಿಯೇ ಇರುತ್ತಿತ್ತು.

ನಾನು ನಿವೃತ್ತನಾದೆ, ಟೆನ್ಷನ್ನಿಗೆ ಮಾತ್ರ ನಿವೃತ್ತಿಯಾಗಲಿಲ್ಲ. ನೀರಿನ ಟ್ಯಾಂಕರು ಬರಲಿಲ್ಲವೆಂದು ಒಂದು ದಿನ, ಮೊಬೈಲಿಗೆ ಬರಬೇಕಾದ ಓಟಿಪಿ ಬರಲಿಲ್ಲವೆಂದು ಮತ್ತೊಂದು ದಿನ. ಪ್ರತಿ ನವೆಂಬರಿನಲ್ಲಿ, ನಾನಿನ್ನೂ ಬದುಕಿದ್ದೇನೆಂದು ಪಿಂಚಣಿಯವರಿಗೆ ರುಜುವಾತು ಒದಗಿಸಬೇಕಷ್ಟೆ. ಕಳೆದ ಸಲ ಹೆಬ್ಬೆರಳನ್ನು ಐದು ಸಲ ಒತ್ತಿದರೂ ಯಂತ್ರ ನನ್ನನ್ನು ಗುರುತಿಸಲೊಲ್ಲದು. ಬದುಕಿರುವುದಕ್ಕೆ ಸಾಕ್ಷಿ ಸಾಲದೆ ಹೋದ ಆ ಮಧ್ಯಾಹ್ನ ತಲೆ ಸುತ್ತಿದಂತಾಗಿ, ಹಿಂತಿರುಗುವ ದಾರಿಯಲ್ಲಿ ನಮ್ಮ ಡಾಕ್ಟರಲ್ಲಿಗೆ ಹೋದೆ.

ಅವರು ತೋಳಿಗೆ ಪಟ್ಟಿ ಸುತ್ತಿ ನೋಡಿದರು. 158/96. “ನೋಡಿದಿರಾ! ನನಗೆ ಮೊದಲೇ ಗೊತ್ತಿತ್ತು” ಎಂದೆ, ಪರೀಕ್ಷೆಯಲ್ಲಿ ಪಾಸಾದವನ ಧ್ವನಿಯಲ್ಲಿ.

ಡಾಕ್ಟರು ನಕ್ಕರು. “ಅವಸರ ಬೇಡಿ ರಾಯರೇ. ಎಷ್ಟೋ ಜನಕ್ಕೆ ಡಾಕ್ಟರ ಬಿಳಿ ಕೋಟು ಕಂಡ ಕೂಡಲೇ ರಕ್ತದೊತ್ತಡ ಏರುತ್ತೆ. ಒಂದು ಯಂತ್ರ ತೊಗೊಳ್ಳಿ. ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ ನೋಡಿದ ಸರಾಸರಿ 135/85 ದಾಟಿದರೆ ಆಮೇಲೆ ಮಾತ್ರೆಯ ಮಾತು.”

ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಅರ್ಧ ಗಂಟೆ ಮುಂಚೆಯಿಂದ ಕಾಫಿ ಕುಡಿಯಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆನಿಕೆಯಿರುವ ಕುರ್ಚಿಯಲ್ಲಿ, ಕಾಲಿನ ಮೇಲೆ ಕಾಲು ಹಾಕದೆ, ಪಾದಗಳನ್ನು ನೆಲಕ್ಕೂರಿ ಕುಳಿತುಕೊಳ್ಳಬೇಕು. ಕಟ್ಟಿದ ಪಟ್ಟಿ ಎದೆಯ ಮಟ್ಟಕ್ಕಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಮಾತಾಡಕೂಡದು, ಮಾತಾಡಿದರೆ ಅಂಕಿ ಏರುತ್ತದೆ. ಈ ಐದು ನಿಮಿಷದ ವಿಷಯವನ್ನು ವಾಚಕರು ದಯಮಾಡಿ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ನನ್ನ ಕಥೆಯೆಲ್ಲ ಅದರಲ್ಲಿಯೇ ಇದೆ.

ನಮ್ಮ ಭಾಷೆಯಲ್ಲಿ ಮನಸ್ಸಿನ ಮೇಲೆ ಬೀಳುವುದೂ ಒತ್ತಡ, ರಕ್ತನಾಳದ ಗೋಡೆಯ ಮೇಲೆ ಬೀಳುವುದೂ ಒತ್ತಡ. ಹೀಗಾಗಿ ಎರಡೂ ಒಂದೇ ಎಂದು ನಾನು ಬಗೆದಿದ್ದೆ. ಡಾಕ್ಟರು ತಿದ್ದಿದರು. ಅಧಿಕ ರಕ್ತದೊತ್ತಡಕ್ಕೆ ವಂಶ, ವಯಸ್ಸು, ಮೈತೂಕ, ಉಪ್ಪು ಎಂದು ಹತ್ತಾರು ಕಾರಣಗಳುಂಟು. ಮನಸ್ಸಿನ ಒತ್ತಡ ಅವುಗಳ ಜತೆಗಾರ. 1915ರಷ್ಟು ಹಿಂದೆಯೇ ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರ ವಿಜ್ಞಾನಿ ನೋವು, ಹಸಿವು, ಭಯ, ಸಿಟ್ಟುಗಳಲ್ಲಿ ದೇಹಕ್ಕೆ ಏನಾಗುತ್ತದೆಂದು ಪುಸ್ತಕವನ್ನೇ ಬರೆದಿದ್ದಾನೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಸವನ್ನು ಸುರಿಸುತ್ತವೆ. ಗುಂಡಿಗೆ ಡವಗುಟ್ಟುತ್ತದೆ, ಉಸಿರು ಚುರುಕಾಗುತ್ತದೆ, ಜೀರ್ಣದ ಕೆಲಸ ನಿಲ್ಲುತ್ತದೆ. ಹೋರಾಡು, ಇಲ್ಲವೇ ಓಡು ಎಂದು ದೇಹ ಸಿದ್ಧವಾಗುವ ಬಗೆ ಇದು. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬಾತ, ಇಂಥ ಪೆಟ್ಟು ಬೇರೆ ಬೇರೆ ಬಗೆಯದಾದರೂ ದೇಹ ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಎಂದೂ, ಪೆಟ್ಟು ನಿಲ್ಲದೆ ಬೀಳುತ್ತಿದ್ದರೆ ದೇಹ ಕೊನೆಗೆ ಸೋಲುತ್ತದೆಂದೂ ಇಲಿಗಳಲ್ಲಿ ಕಂಡು ಬರೆದ. ಕಾಡಿನ ಹುಲಿ ಎದುರಿಗೆ ಬಂದರೆ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ: ಒಂದೋ ನಾವು ಉಳಿಯುತ್ತೇವೆ, ಇಲ್ಲವೇ ಇಲ್ಲ. ನಮ್ಮ ಮನೆಗಳ ಹುಲಿಯಾದರೋ ನಡುಮನೆಯಲ್ಲಿಯೇ ಚಾಪೆ ಹಾಸಿಕೊಂಡು ಮಲಗಿಬಿಡುತ್ತದೆ.

ಯಂತ್ರ ಬಂತು. ಬ್ಯಾಂಕಿನವನಲ್ಲವೆ? ಒಂದು ನೋಟು ಪುಸ್ತಕಕ್ಕೆ ಗೆರೆ ಎಳೆದು ತಾರೀಖು, ವೇಳೆ, ಮೇಲಿನ ಅಂಕಿ, ಕೆಳಗಿನ ಅಂಕಿ, ಕೊನೆಗೆ ಷರಾ ಎಂದು ಐದು ಕಲಮುಗಳನ್ನು ಮಾಡಿದೆ. ಸೋಮವಾರ ಬೆಳಿಗ್ಗೆ 142/88. ಷರಾ: ಟ್ಯಾಂಕರು ಬಂದಿಲ್ಲ. ಸಂಜೆ 126/80, ಷರಾ: ಶಾಂತ. ಮಂಗಳವಾರ ಬೆಳಿಗ್ಗೆ 138/86. ಷರಾ: ಬ್ಯಾಂಕಿನ ಹಳೆಯ ಸ್ನೇಹಿತರು ಮೂವರು ಊಟಕ್ಕೆ ಬರುತ್ತಾರೆ. ಸಂಜೆ 124/78, ಷರಾ: ಶಾಂತ. ಪುಸ್ತಕ ನೋಡಲು ಚೆನ್ನಾಗಿಯೇ ಇತ್ತು.

ಗುರುವಾರ ಸಂಜೆ ತಮಾಷೆಗೆಂದು ನನ್ನ ಹೆಂಡತಿಯನ್ನು ಕರೆದೆ. “ಬಾ, ನಿನ್ನದೂ ಒಂದು ಸಲ ನೋಡೋಣ.”

“ನನಗೇನಾಗಿದೆ? ಒಲೆಯ ಮೇಲೆ ಸಾರಿದೆ” ಎಂದಳು. ಬಲವಂತ ಮಾಡಿ ಕೂಡಿಸಿದೆ. 172/104.

ಯಂತ್ರ ಕೆಟ್ಟಿತೆಂದುಕೊಂಡೆ. ನನಗೆ ಕಟ್ಟಿ ನೋಡಿಕೊಂಡೆ, ಸರಿಯಾಗಿಯೇ ಇತ್ತು. ಐದು ನಿಮಿಷ ಕುಳಿತಿರಲಿಲ್ಲವಲ್ಲ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಂಡು, “ಐದು ನಿಮಿಷ ಸುಮ್ಮನೆ ಕೂತುಕೋ, ಮತ್ತೆ ನೋಡೋಣ” ಎಂದೆ. ಅವಳು ಕುಳಿತಳು. ಎರಡನೆಯ ನಿಮಿಷಕ್ಕೆ ಕುಕ್ಕರು ಕೂಗಿತು. ಎದ್ದು ಹೋಗಿ ಬಂದು ಕುಳಿತಳು. ಬಾಗಿಲಲ್ಲಿ ಇಸ್ತ್ರಿಯವನು. ಮತ್ತೆ ಕುಳಿತಳು. ಒಳಗಿನ ಕೋಣೆಯಿಂದ ಅಮ್ಮನ ಗಂಟೆ ಕೇಳಿಸಿತು.

ಈ ಗಂಟೆಯ ವಿಷಯ ಹೇಳಬೇಕು. ನಮ್ಮ ತಾಯಿಯವರಿಗೆ ಈಗ 88 ವರ್ಷ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೆಚ್ಚಾಗಿ ಹಾಸಿಗೆಯ ಮೇಲೆಯೇ ಇರುತ್ತಾರೆ. ಕೂಗಲು ಶಕ್ತಿ ಸಾಲದೆಂದು ದೇವರ ಮನೆಯ ಒಂದು ಪುಟ್ಟ ಹಿತ್ತಾಳೆ ಗಂಟೆಯನ್ನು ಅವರ ದಿಂಬಿನ ಪಕ್ಕದಲ್ಲಿಟ್ಟಿದ್ದೇವೆ. ಅದು ಬಾರಿಸಿತೆಂದರೆ ನನ್ನ ಹೆಂಡತಿ ಹೋಗುತ್ತಾಳೆ.

ಅಂದು ಅವಳಿಗೆ ಐದು ನಿಮಿಷ ಸಿಕ್ಕಲಿಲ್ಲ. ಮರುದಿನ ಮಧ್ಯಾಹ್ನದ ತನಕವೂ ಸಿಕ್ಕಲಿಲ್ಲ. ಕೊನೆಗೆ ನಾನೇ ಬಾಗಿಲಿಗೆ ಚಿಲಕ ಹಾಕಿ, ಒಲೆ ಆರಿಸಿ, ಅಮ್ಮನ ಹತ್ತಿರ ಕೆಲಸದವಳನ್ನು ಕೂಡಿಸಿ, ಅವಳ ಎದುರಿಗೆ ಗಡಿಯಾರ ಹಿಡಿದು ಕುಳಿತೆ. ಐದು ನಿಮಿಷದ ಕಾಲ ಅವಳು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿಯನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು. 164/100. ಇನ್ನೊಮ್ಮೆ ನೋಡಿದೆ. 162/100. ನನಗೆ ಮಾತು ಹೊರಡಲಿಲ್ಲ. ಮದುವೆಯಾಗಿ 38 ವರ್ಷವಾಗಿತ್ತು; “ಟೆನ್ಷನ್” ಎಂಬ ಮಾತು ಅವಳ ಬಾಯಿಂದ ಹೊರಟಿದ್ದರೆ ಅದು ನನ್ನದರ ವಿಚಾರವಾಗಿಯೇ.

ಅಂದೇ ಸಂಜೆ ಇಬ್ಬರೂ ಡಾಕ್ಟರಲ್ಲಿಗೆ ಹೋದೆವು. ನನ್ನ ಪುಸ್ತಕವನ್ನು ತಿರುವಿ, “ನಿಮಗೆ ಸದ್ಯಕ್ಕೆ ಮಾತ್ರೆ ಬೇಡ ಅಂತ ಕಾಣುತ್ತೆ, ಉಳಿದ ಎರಡು ದಿನವೂ ಬರೆದು ತನ್ನಿ” ಎಂದು ನನ್ನನ್ನು ಬದಿಗೆ ಸರಿಸಿಬಿಟ್ಟರು. ನನಗೆ ಒಂದು ಬಗೆಯ ಅವಮಾನವೇ ಆಯಿತು. ಆಮೇಲೆ ಅವಳ ಕಡೆ ತಿರುಗಿ, “ತಲೆನೋವು, ಏದುಸಿರು ಏನಾದರೂ ಉಂಟೇನಮ್ಮಾ?” ಎಂದರು. ಏನೂ ಇರಲಿಲ್ಲ. ಈ ರೋಗದ ಸ್ವಭಾವವೇ ಅದಂತೆ: ಹೃದಯಕ್ಕೂ ಮೆದುಳಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುವವರೆಗೆ ಬಾಯಿ ಬಿಡುವುದಿಲ್ಲ.

“ರಾತ್ರಿ ಎಷ್ಟು ಹೊತ್ತು ನಿದ್ದೆ?”

“ಹನ್ನೊಂದಕ್ಕೆ ಮಲಗೋದು, ಐದಕ್ಕೆ ಏಳೋದು. ಮಧ್ಯೆ ಅತ್ತೆಯವರು ಗಂಟೆ ಬಾರಿಸ್ತಾರೆ. ಎರಡು ಸಲ, ಒಂದೊಂದು ದಿನ ನಾಲ್ಕು ಸಲ.”

ನಾನು ಅವಳ ಮುಖ ನೋಡಿದೆ. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಮಲಗುವವನು ನಾನು. ಗಂಟೆ ಬಾರಿಸುವವರು ನನ್ನನ್ನು ಹೆತ್ತ ತಾಯಿ. ಎರಡು ವರ್ಷದಲ್ಲಿ ಒಂದು ರಾತ್ರಿಯೂ ಆ ಗಂಟೆ ನನಗೆ ಕೇಳಿಸಿರಲಿಲ್ಲ.

ಆರೋಗ್ಯವಂತರಲ್ಲಿ ರಾತ್ರಿಯ ನಿದ್ದೆಯಲ್ಲಿ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದಂತೆ. ರಕ್ತನಾಳಗಳಿಗೆ ಅದೇ ವಿರಾಮ. ನಿದ್ದೆ ಮುರಿಯುತ್ತಿದ್ದರೆ ಆ ವಿರಾಮವೂ ಮೊಟಕಾಗುತ್ತದೆ. ಡಾಕ್ಟರು ಮಾತ್ರೆ ಬರೆದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ದೂರ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದರು. ಹೊರಡುವಾಗ ನನ್ನನ್ನು ಮಾತ್ರ ನಿಲ್ಲಿಸಿ, “ಮಾತ್ರೆ ನಾನು ಕೊಟ್ಟಿದ್ದೇನೆ. ನಿದ್ದೆ ನೀವು ಕೊಡಬೇಕು ರಾಯರೇ” ಎಂದರು.

ಲಂಡನ್ನಿನ ವೈಟ್‌ಹಾಲ್ ಎಂಬಲ್ಲಿಯ ಸರ್ಕಾರಿ ನೌಕರರ ಆರೋಗ್ಯವನ್ನು ಕುರಿತ ಅಧ್ಯಯನದ ವಿಷಯ ಆಮೇಲೆ ಓದಿದೆ. 1967ರಲ್ಲಿ ಆರಂಭವಾದ ಅದರಲ್ಲಿ ಸುಮಾರು 18,000 ಗಂಡಸರನ್ನು ಪರೀಕ್ಷಿಸಿದರು. ಹೃದ್ರೋಗದಿಂದ ಸಾಯುವವರು ತಲೆಯ ಮೇಲೆ ಭಾರ ಹೊತ್ತ ದೊಡ್ಡ ಸಾಹೇಬರೇ ಇರಬೇಕೆಂದು ನಾವೆಲ್ಲ ತಿಳಿಯುತ್ತೇವಷ್ಟೆ. ತೋರಿಬಂದದ್ದು ತಲೆಕೆಳಗು: ಜವಾನರೇ ಮೊದಲಾದ ಕೆಳದರ್ಜೆಯವರಲ್ಲಿ ಆ ಸಾವು ಮೇಲಿನ ಅಧಿಕಾರಿಗಳಲ್ಲಿದ್ದುದರ ಸುಮಾರು ಮೂರು ಪಟ್ಟು. ಸಿಗರೇಟು ಮೊದಲಾದ ಕಾರಣಗಳನ್ನು ಕಳೆದರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು 10,000ಕ್ಕೂ ಹೆಚ್ಚು ಮಂದಿಯ ಎರಡನೆಯ ಅಧ್ಯಯನವನ್ನು ತೊಡಗಿದರು. ತಮ್ಮ ಕೆಲಸದ ಮೇಲೆ, ವೇಳೆಯ ಮೇಲೆ ತಮಗೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ಅದರಿಂದ ತಿಳಿಯಿತು. ಭಾರ ಎಷ್ಟೆಂಬುದಷ್ಟೇ ಮುಖ್ಯವಲ್ಲ; ಅದನ್ನು ಯಾವಾಗ ಹೊರಬೇಕು, ಯಾವಾಗ ಇಳಿಸಬೇಕೆಂದು ಹೇಳುವವರು ಯಾರು ಎಂಬುದೂ ಮುಖ್ಯ.

ಇದನ್ನು ಓದಿದ ರಾತ್ರಿ ನನ್ನ ನೋಟು ಪುಸ್ತಕವನ್ನು ಮತ್ತೆ ತೆರೆದೆ. ಒಂದು ಖಾತೆಗೆ ಜಮಾ ಆದದ್ದು ಇನ್ನೊಂದು ಖಾತೆಗೆ ಖರ್ಚು ಬಿದ್ದೇ ತೀರಬೇಕು. ಲೆಕ್ಕಶಾಸ್ತ್ರದ ಮೊದಲನೆಯ ಪಾಠವಿದು. ಸೋಮವಾರ ಸಂಜೆ ನಾನು ‘ಶಾಂತ’ನಾಗಿದ್ದೆ. ಏಕೆ? ಟ್ಯಾಂಕರಿನವನಿಗೆ ಹತ್ತು ಸಲ ಫೋನು ಮಾಡಿ, ಬಿಸಿಲಿನಲ್ಲಿ ನಿಂತು ನೀರು ತುಂಬಿಸಿಕೊಂಡವಳು ಅವಳು. ಮಂಗಳವಾರ ಸಂಜೆ ‘ಶಾಂತ’ನಾಗಿದ್ದೆ. ಸ್ನೇಹಿತರ ಊಟ ಚೆನ್ನಾಗಿತ್ತು. ಬಡಿಸಿದವಳು ನಾಲ್ಕು ಗಂಟೆಗೆ ಉಂಡಳು. ನನ್ನ ಪುಸ್ತಕದಲ್ಲಿ ‘ಶಾಂತ’ ಎಂದು ಬರೆದಲ್ಲೆಲ್ಲ ಎದುರು ಖಾತೆಯಲ್ಲಿ ಅವಳ ಹೆಸರಿತ್ತು. 34 ವರ್ಷ ಹತ್ತು ರೂಪಾಯಿಯ ವ್ಯತ್ಯಾಸವನ್ನು ರಾತ್ರಿ ಎಂಟರವರೆಗೆ ಕುಳಿತು ಹುಡುಕಿದವನಿಗೆ ಇಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ದೊಡ್ಡ ತ್ಯಾಗವನ್ನೇನೂ ಮಾಡಲಿಲ್ಲ. ಅಮ್ಮನ ಕೋಣೆಯಲ್ಲಿ ಮಂಚದ ಪಕ್ಕಕ್ಕೆ ನನ್ನ ಹಾಸಿಗೆ ಹಾಕಿಕೊಂಡೆ. ಮೊದಲ ರಾತ್ರಿ ಎರಡು ಗಂಟೆಗೆ ಗಂಟೆ ಬಾರಿಸಿತು. ಎದ್ದು ದೀಪ ಹಾಕಿದೆ. ಅಮ್ಮ ನನ್ನನ್ನು ನೋಡಿ, “ನೀನೇಕೋ ಬಂದೆ? ಅವಳೆಲ್ಲಿ?” ಎಂದರು. “ಮಲಗಿದ್ದಾಳಮ್ಮ. ಏನು ಬೇಕು, ನೀರೇ?” ಎಂದೆ. “ನೀರು ಬೇಡ. ಗಂಟೆ ಎಷ್ಟಾಯಿತು ಅಂತ ಕೇಳೋಣ ಅಂತ” ಎಂದರು. ಹೇಳಿದೆ. “ಹೂಂ” ಎಂದು ನನ್ನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಕತ್ತಲೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯುವುದಷ್ಟೇ ಅವರಿಗೆ ಬೇಕಾಗಿತ್ತು.

ಇನ್ನೊಂದು ಏರ್ಪಾಡೆಂದರೆ, ಸಂಜೆ ನಾಲ್ಕರಿಂದ ಐದು ಅವಳ ವೇಳೆ. ಕಾಫಿ ನಾನು ಮಾಡುತ್ತೇನೆ. ಮೊದಲ ವಾರ ಅದನ್ನು ಕುಡಿದವರ ತಾಳ್ಮೆ ದೊಡ್ಡದು. ಎಲ್ಲಿಗೆ ಹೋಗುತ್ತೀ ಎಂದು ಯಾರೂ ಕೇಳಕೂಡದು. ಹೆಚ್ಚು ದಿನ ಕೃಷ್ಣರಾವ್ ಪಾರ್ಕಿಗೆ ಹೋಗಿ ನಾಲ್ಕು ಸುತ್ತು ನಡೆದು, ಬೆಂಚಿನ ಮೇಲೆ ಕುಳಿತು ಬರುತ್ತಾಳಂತೆ. “ಅಲ್ಲಿ ಕೂತು ಏನು ಯೋಚನೆ ಮಾಡ್ತೀಯೆ?” ಎಂದು ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟೆ. “ಏನೂ ಇಲ್ಲ. ಅದಕ್ಕೇ ಹೋಗೋದು” ಎಂದಳು.

ಮೂರು ತಿಂಗಳಾಯಿತು. ಈಗ ಪುಸ್ತಕದಲ್ಲಿ ಇಬ್ಬರ ಖಾತೆಯೂ ಇದೆ. ಅವಳದು 130/82ರ ಸುಮಾರಿಗೆ ಇಳಿದಿದೆ. ಇದರಲ್ಲಿ ಮಾತ್ರೆಯ ಪಾಲೆಷ್ಟು, ಉಪ್ಪಿನ ಪಾಲೆಷ್ಟು, ನಿದ್ದೆಯ ಪಾಲೆಷ್ಟು ಎಂದು ಹಂಚಿ ಹೇಳಲು ಬರುವುದಿಲ್ಲವೆಂದರು ಡಾಕ್ಟರು. ಚೆನ್ನಾಗಿದ್ದೇನೆಂದು ಮಾತ್ರೆಯನ್ನು ನಿಲ್ಲಿಸಕೂಡದೆಂದೂ ಎಚ್ಚರಿಸಿದ್ದಾರೆ. ನನ್ನದು ಎರಡು ಮೂರು ಅಂಕಿ ಏರಿದೆ. ಇರಲಿ, ಲೆಕ್ಕ ತಾಳೆಯಾಗಬೇಕಾದರೆ ಅಷ್ಟು ಏರಬೇಕಾದದ್ದೇ. ಮೊನ್ನೆ ಅವಳ ಖಾತೆಯ ಷರಾ ಕಲಮಿನಲ್ಲಿ ಅವಳದೇ ಅಕ್ಷರದ ಒಂದು ಸಾಲು ಕಂಡಿತು: ‘ರಾತ್ರಿ ಗಂಟೆ ಕೇಳಿಸಲಿಲ್ಲ.’

ನಿಮ್ಮ ಮನೆಯಲ್ಲಿಯೂ ಯಂತ್ರವೊಂದಿದ್ದರೆ, ಟೆನ್ಷನ್ ಎಂದು ದೊಡ್ಡದಾಗಿ ಹೇಳಿಕೊಳ್ಳುವವರನ್ನು ಬಿಟ್ಟು, ಹೇಳದವರನ್ನು ಒಂದು ದಿನ ಕುರ್ಚಿಯಲ್ಲಿ ಕೂಡಿಸಿ ನೋಡಿ. ಪಟ್ಟಿ ಕಟ್ಟುವುದು ಆಮೇಲಾಗಲಿ. ಅವರಿಗೆ ಐದು ನಿಮಿಷ ಸಿಕ್ಕುತ್ತದೆಯೇ ಎಂಬುದನ್ನು ಮೊದಲು ನೋಡಿ.

ಇನ್ನೂ ಬರೆಯಬೇಕೆಂದಿದ್ದೆ. ಆದರೆ ಒಳಗೆ ಗಂಟೆ ಬಾರಿಸುತ್ತಿದೆ. ಅವಳು ಪಾರ್ಕಿಗೆ ಹೋಗಿದ್ದಾಳೆ. ನಾನು ಏಳಬೇಕು.