ಮಾರಿಕಣಿವೆಯೂ ಗಣಕಯಂತ್ರವೂ

ಗಣಕಯಂತ್ರದೊಳಗೆ ಲೋಕದ ಪ್ರತಿರೂಪ ಕಟ್ಟುವ ವಿದ್ವಾಂಸರ ಗ್ರಂಥಗಳಿಗೆ ಕಲಾ ವಿಭಾಗದ ನಮ್ಮಂಥವರು ದೂರದಿಂದಲೇ ಕೈಮುಗಿಯುವುದು ವಾಡಿಕೆ. ನಾನು ಮಾತ್ರ ಜೇ ಫಾರೆಸ್ಟರ್ ಮಹಾಶಯರಿಗೆ ಮಾರುಹೋದೆ. ಅಮೆರಿಕದ ಎಂ.ಐ.ಟಿ.ಯ ಈ ಪ್ರಾಧ್ಯಾಪಕರು 1971ರಲ್ಲಿ ‘ವರ್ಲ್ಡ್ ಡೈನಮಿಕ್ಸ್’ ಬರೆದರು. ಮರುವರ್ಷವೇ ಅದೇ ಜಾಡಿನಲ್ಲಿ ‘ದಿ ಲಿಮಿಟ್ಸ್ ಟು ಗ್ರೋತ್’ ಹೊರಬಂದಿತು. ಇವರ ಲೆಕ್ಕದಲ್ಲಿ ಜನಸಂಖ್ಯೆಯಾಗಲಿ ಬಂಡವಾಳವಾಗಲಿ ಒಂದೊಂದು ಕೆರೆ: ಒಳಹರಿವು, ಹೊರಹರಿವು, ನಡುವೆ ನಿಂತ ಮಟ್ಟ. ಶ್ರೀರಾಂಪುರದವನಿಗೆ ಇದನ್ನು ಬಿಡಿಸಿ ಹೇಳಬೇಕೆ? ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರಲ್ಲಿ ತುಂಬಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವೆ 89 ವರ್ಷ.

ಕೆರೆಯ ಮಟ್ಟವಾದರೂ ಕಣ್ಣಿಗೆ ಕಾಣುತ್ತದೆ, ನೆಲದೊಳಗಿನದು ಕಾಣದು. ಕಳೆದ ಬೇಸಗೆಯಲ್ಲಿ ನಮ್ಮ ತೋಟದ ಬೋರು ಬತ್ತಿತು. ಸಾಲ ಮಾಡಿಯಾದರೂ ಇನ್ನೂ ಆಳಕ್ಕೆ ಕೊರೆಸುವೆನೆಂದು ಅಪ್ಪ ಹಟ ಹಿಡಿದರು. ನಾನು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ನಾವೂ ನೆರೆಯವರೂ ಕೊಳವೆ ಇಳಿಸಿರುವುದು ಒಂದೇ ಮಡಕೆಗೆ. ಬತ್ತಿದಷ್ಟೂ ಆಳಕ್ಕೆ ಇಳಿಯುತ್ತೇವೆ, ಆಳಕ್ಕೆ ಇಳಿದಷ್ಟೂ ಬತ್ತುತ್ತದೆ. ಫಾರೆಸ್ಟರರ ಗ್ರಂಥದ ಜೀವಾಳವೇ ಇಂಥ ಸುತ್ತು.

ಅಪ್ಪ ಬಹಳ ಹೊತ್ತು ನೋಡಿದರು. “ಸರಿಯಾಗೇ ಐತೆ ಕಣಪ್ಪ. ತೆಂಗು ಒಣಗ್ತಾ ಐತಲ್ಲ, ಅದನ್ನ ಇದರಾಗೆ ಎಲ್ಲಿ ಬರ್ದಿದೀಯ?”

ಚಿತ್ರಕ್ಕೆ ತೆಂಗಿನದೊಂದು ಚೌಕ ಸೇರಿಸಿದೆ. ಬೋರಿನ ಲಾರಿ ಸೋಮವಾರ ಬಂತು.